ವಿಳಾಸವಿಲ್ಲದ ಮಕ್ಕಳು ಅಂಗನವಾಡಿಯ ಯಾವ ಪುಸ್ತಕದಲ್ಲಿ ಬರುತ್ತಾರೆ?

ನಿವೃತ್ತ ಶಿಕ್ಷಕಿ, ಕಲಬುರಗಿ

ದೀಪಾವಳಿ ಮುಗಿದ ವಾರದಲ್ಲಿ ನಮ್ಮ ಬಡಾವಣೆಯ ಹಿಂದೆ, ರಿಂಗ್ ರಸ್ತೆಗೆ ಹತ್ತಿದ ಖಾಲಿ ಪ್ಲಾಟುಗಳಲ್ಲಿ ಹದಿನಾಲ್ಕು ಟೆಂಟುಗಳು ಎದ್ದವು. ಓಣಿ ಓಣಿ ತಿರುಗಿ, ಹೆಂಗಸರ ಉದುರಿದ ಕೂದಲು ತೆಗೆದುಕೊಂಡು ಬದಲಿಗೆ ಸ್ಟೀಲ್ ಪಾತ್ರೆ ಕೊಡುವ ಅಲೆಮಾರಿ ಕುಟುಂಬಗಳು ಇವು. ಮನೆಮಾತು ತೆಲುಗು, ವ್ಯಾಪಾರಕ್ಕೆ ಬೇಕಾಗುವಷ್ಟು ಕನ್ನಡ, ಹಿಂದಿ ಎಲ್ಲರಿಗೂ ಬರುತ್ತದೆ. ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಕಲಿಸಿದವಳಾದ್ದರಿಂದ ಮಕ್ಕಳನ್ನು ಕಂಡರೆ ಎಣಿಸುವ ಚಟ ನನಗೆ ಇನ್ನೂ ಬಿಟ್ಟಿಲ್ಲ. ಆರು ವರ್ಷದೊಳಗಿನವರು ಹತ್ತೊಂಬತ್ತು ಮಂದಿ ಸಿಕ್ಕರು. ಟೆಂಟುಗಳಿಂದ ಅಂಗನವಾಡಿಗೆ ಏಳು ನಿಮಿಷದ ನಡಿಗೆ. ಹತ್ತೊಂಬತ್ತರಲ್ಲಿ ಒಬ್ಬರೂ ಅಲ್ಲಿಗೆ ಹೋಗುತ್ತಿಲ್ಲ.

ಕಳೆದ ಮಂಗಳವಾರ ಬೆಳಿಗ್ಗೆ ಕಂಡದ್ದನ್ನು ಹಾಗೆಯೇ ಬರೆಯುತ್ತೇನೆ. ಆರೂವರೆಗೆಲ್ಲ ಹೆಂಗಸರು ಬುಟ್ಟಿ ಹೊತ್ತು, ಮೊಲೆ ಕುಡಿಯುವ ಕೂಸುಗಳನ್ನು ಬೆನ್ನಿಗೆ ಕಟ್ಟಿಕೊಂಡು ಹೊರಟುಹೋದರು. ಉಳಿದ ಮಕ್ಕಳನ್ನು ನೋಡಿಕೊಳ್ಳಲು ಒಂದೊಂದು ಟೆಂಟಿನಲ್ಲಿ ಒಬ್ಬೊಬ್ಬ ದೊಡ್ಡ ಹುಡುಗಿ; ದೊಡ್ಡ ಹುಡುಗಿ ಎಂದರೆ ಎಂಟು ವರ್ಷದವಳು. ಅಂಥ ಒಬ್ಬಳು ಸೀರೆಯ ಜೋಳಿಗೆಯಲ್ಲಿ ತಮ್ಮನನ್ನು ಮಲಗಿಸಿ, ಜೋಳಿಗೆಯ ದಾರವನ್ನು ತನ್ನ ಕಾಲಿನ ಹೆಬ್ಬೆರಳಿಗೆ ಕಟ್ಟಿಕೊಂಡು, ಕಾಲಾಡಿಸುತ್ತ ಕೂದಲಿನ ಉಂಡೆಯಿಂದ ಕಸ ಆರಿಸುತ್ತಿದ್ದಳು. ಪಕ್ಕದಲ್ಲಿ ಮೂರು ವರ್ಷದ ಹುಡುಗ ಐದು ರೂಪಾಯಿಯ ಚಿಪ್ಸ್ ಪ್ಯಾಕೆಟ್ಟನ್ನು ಒಂದೊಂದೇ ತುಣುಕಾಗಿ ತಿನ್ನುತ್ತಿದ್ದ. ಮಧ್ಯಾಹ್ನದ ತನಕ ಅವನ ಊಟ ಅಷ್ಟೇ ಎಂದು ಅಕ್ಕ ಹೇಳಿದಳು.

ನಾನು ಎರಡು ಅಂಗನವಾಡಿಗಳಿಗೂ ಹೋಗಿ ಕೇಳಿದೆ. ಈ ಜಾಗ ನಮ್ಮ ಸರ್ವೆಯಲ್ಲಿ ಬರುವುದಿಲ್ಲ ಎಂಬ ಒಂದೇ ಉತ್ತರ ಎರಡೂ ಕಡೆ ಬಂತು. ರಸ್ತೆಯ ಆಚೆಗೊಂದು ಕೇಂದ್ರ, ಈಚೆಗೊಂದು ಕೇಂದ್ರ; ಟೆಂಟುಗಳಿರುವ ಜಾಗ ಎರಡರ ನಕ್ಷೆಯಲ್ಲೂ ಖಾಲಿ ಪ್ಲಾಟು. ನಾನು ಯಾರ ಮೇಲೂ ದೂರು ಹೇಳಲು ಇದನ್ನು ಬರೆಯುತ್ತಿಲ್ಲ. ಮನೆ ಇಲ್ಲದವರೆಂದರೆ ರೈಲ್ವೆ ಸ್ಟೇಷನ್ನಿನ ಮುಂದೆಯೋ, ದರ್ಗಾದ ಸುತ್ತಲೋ ಮಲಗುವವರು ಮಾತ್ರ ಎಂದು ನಾವು ತಿಳಿದಿದ್ದೇವೆ. ಆದರೆ ಬಯಲಿನಲ್ಲಿ, ರಸ್ತೆಯ ಬದಿಯಲ್ಲಿ, ಸಿಮೆಂಟ್ ಕೊಳವೆಯೊಳಗೆ, ಸೇತುವೆಯ ಕೆಳಗೆ, ಗುಡಿಯ ಮಂಟಪದಲ್ಲಿ ವಾಸಿಸುವವರೆಲ್ಲರನ್ನೂ ಜನಗಣತಿ ವಸತಿರಹಿತರೆಂದೇ ಎಣಿಸುತ್ತದೆ. 2011ರಲ್ಲಿ ದೇಶದಲ್ಲಿ ಅಂಥವರು 17.7 ಲಕ್ಷ ಸಿಕ್ಕಿದ್ದರು, ಅದೂ ಫೆಬ್ರವರಿಯ ಕೊನೆಯ ಒಂದೇ ರಾತ್ರಿಯ ಎಣಿಕೆಯಲ್ಲಿ. ಟೆಂಟು, ಕಬ್ಬಿನ ಗದ್ದೆಯ ಗುಡಿಸಲು, ಅರ್ಧ ಕಟ್ಟಿದ ಕಟ್ಟಡದ ಶೆಡ್ಡು, ಹೆಸರು ಬೇರೆ ಬೇರೆಯಾದರೂ ಒಳಗಿರುವ ಮಗುವಿನ ಪಾಡು ಒಂದೇ.

ಕಲಬುರಗಿ, ಬೀದರ, ಯಾದಗಿರಿ ಕಡೆ ಯಾರಾದರೂ ಇಂಥ ಮಕ್ಕಳನ್ನು ಅಂಗನವಾಡಿಯ ಒಳಗೆ ತಂದಿದ್ದರೆ, ಹೇಗೆ ತಂದಿರಿ ಎಂದು ದಯವಿಟ್ಟು ವಿವರವಾಗಿ ಬರೆಯಿರಿ.

ಅಂಗನವಾಡಿ ಅಕ್ಕ

ಟೀಚರಮ್ಮ, ನಾನು ಕಾರ್ಯಕರ್ತೆ. ಯಾವ ತಾಲ್ಲೂಕು ಎಂದು ಹೇಳುವುದಿಲ್ಲ, ಕ್ಷಮಿಸಿ. ನಿಮಗೆ ಆ ಉತ್ತರ ಕೊಟ್ಟವರ ಜಾಗದಲ್ಲಿ ನಾನೂ ಒಮ್ಮೆ ಇದ್ದೆ, ಅದೇ ಉತ್ತರವನ್ನೇ ಕೊಟ್ಟಿದ್ದೆ. ಏಕೆಂದು ಹೇಳಿದರೆ ಮುಂದಿನ ದಾರಿ ನಿಮಗೆ ಸುಲಭವಾದೀತು.

ನಮ್ಮ ಕೇಂದ್ರಕ್ಕೆ ಅಕ್ಕಿ, ಬೇಳೆ, ಹಾಲಿನ ಪುಡಿ ಬರುವುದು ದಾಖಲಾದ ಮಕ್ಕಳ ಲೆಕ್ಕದ ಮೇಲೆ. ಮೊಟ್ಟೆಯ ದುಡ್ಡನ್ನು ಎಷ್ಟೋ ತಿಂಗಳು ನಾವೇ ಮೊದಲು ಕೈಯಿಂದ ಹಾಕಿ ಆಮೇಲೆ ಕಾಯಬೇಕಾಗಿದೆ. ಪುಸ್ತಕದಲ್ಲಿ ಇಲ್ಲದ ಎಂಟು ಮಕ್ಕಳು ಬಂದು ಕೂತರೆ, ಇರುವ ಮಕ್ಕಳ ಸಾರಿಗೆ ನೀರು ಹಾಕಬೇಕು, ಇಲ್ಲವೆ ಲೆಕ್ಕದಲ್ಲಿ ಸುಳ್ಳು ಬರೆಯಬೇಕು. ಇದು ಕಾರ್ಯಕರ್ತೆಯ ಮನಸ್ಸಿನಲ್ಲಿರುವ ಭಯ. ಆಕೆ ಅದನ್ನು ಬಾಯಿಬಿಟ್ಟು ಹೇಳದೆ ಸರ್ವೆಯ ಮಾತು ಹೇಳುತ್ತಾಳೆ.

ಎರಡನೆಯದು ನಾವು ಮಕ್ಕಳ ಲೆಕ್ಕ ಬರೆಯುವ ಮೊಬೈಲಿನ ಆ್ಯಪ್, ಪೋಷಣ್ ಟ್ರ್ಯಾಕರ್. 2021ರಿಂದ ಎಲ್ಲ ದಾಖಲೆ ಅದರಲ್ಲೇ. ಅದಕ್ಕೆ ಮಗುವಿನ ಆಧಾರ್ ಬೇಕಾಗಿಲ್ಲ, ತಾಯಿಯದು ಸಾಕು. ಇದನ್ನು ನಮ್ಮವರಲ್ಲೇ ಹಲವರು ತಪ್ಪು ತಿಳಿದಿದ್ದಾರೆ. ತಾಯಿಯ ಹೆಸರು ಬೇರೆ ಊರಿನ, ಬೇರೆ ರಾಜ್ಯದ ಕೇಂದ್ರದಲ್ಲಿದ್ದರೂ ವಲಸೆ ಎಂದು ತೋರಿಸಿ ಇಲ್ಲಿಗೆ ತೆಗೆದುಕೊಳ್ಳುವ ಅವಕಾಶ ಅದರಲ್ಲಿದೆ. ತೊಡಕು ಬರುವುದು ಮೂರು ವರ್ಷದೊಳಗಿನವರಿಗೆ ಮನೆಗೆ ಕೊಟ್ಟು ಕಳಿಸುವ ಆಹಾರದಲ್ಲಿ. 2025ರ ಜುಲೈಯಿಂದ ಅದಕ್ಕೆ ತಾಯಿಯ ಮುಖದ ಗುರುತು ಹಿಡಿಯಬೇಕು, ಮೊದಲ ಸಲ ಆಧಾರಿಗೆ ಸೇರಿಸಿದ ನಂಬರಿಗೆ ಒಟಿಪಿ ಬರಬೇಕು. ಟೆಂಟಿನಲ್ಲಿ ಇರುವುದು ಒಂದೇ ಫೋನು, ಅದು ಗಂಡನ ಕಿಸೆಯಲ್ಲಿ ಜೇವರ್ಗಿಯಲ್ಲೋ ಶಹಾಬಾದದಲ್ಲೋ ತಿರುಗುತ್ತಿರುತ್ತದೆ. ಆದ್ದರಿಂದ ಮೂರು ದಾಟಿದವರಿಂದ ಆರಂಭಿಸಿ. ಬಿಸಿ ಊಟಕ್ಕೆ ಯಾರ ಮುಖವನ್ನೂ ಮೊಬೈಲಿಗೆ ತೋರಿಸಬೇಕಾಗಿಲ್ಲ.

ನಾನು ಕಲಿತ ಒಂದು ವಿಷಯವೆಂದರೆ ಮೊದಲು ತಕ್ಕಡಿ ಒಯ್ಯಬೇಕು, ಪುಸ್ತಕ ಆಮೇಲೆ. ಪುಸ್ತಕ ತೆರೆದು ಹೆಸರು ಕೇಳಿದ ಕೂಡಲೇ ಅವರು ನಮ್ಮನ್ನು ಜಾಗ ಖಾಲಿ ಮಾಡಿಸಲು ಬಂದವರೆಂದು ತಿಳಿಯುತ್ತಾರೆ. ತಕ್ಕಡಿ ತೂಗುಹಾಕಿದರೆ ತಾಯಂದಿರು ತಾವಾಗಿ ಬಂದು, ‘ನಮ್ಮ ಕೂಸು ಎಷ್ಟು ಕಿಲೋ ಅದ ನೋಡ್ರಿ’ ಎನ್ನುತ್ತಾರೆ. ನಿಮ್ಮ ಟೆಂಟಿನವರಂತೂ ಕೂದಲು ತೂಗಿ ಬದುಕುವವರು, ಗ್ರಾಮಿನ ಬೆಲೆ ನಮಗಿಂತ ಅವರಿಗೇ ಚೆನ್ನಾಗಿ ಗೊತ್ತು. ಹೋದ ತಿಂಗಳಿಗಿಂತ ಮಗು ಇನ್ನೂರು ಗ್ರಾಮ್ ಇಳಿದಿದೆ ಎಂದರೆ ಬೇರೆ ಭಾಷಣ ಬೇಕಾಗುವುದಿಲ್ಲ.

ಯಾದಗಿರಿ ತಾಂಡಾದವನು

ಚರ್ಚೆಯ ಇನ್ನೊಂದು ಬದಿಯನ್ನು ನಾನು ಹೇಳಬೇಕು. ಇಲ್ಲಿಗೆ ಬಂದವರ ಮಾತು ನಡೆದಿದೆ. ಇಲ್ಲಿಂದ ಹೋದವರ ಮಕ್ಕಳೂ ಇದೇ ಲೆಕ್ಕಕ್ಕೆ ಬರುತ್ತಾರೆ. ನಮ್ಮ ತಾಂಡಾದಿಂದ ತೊಗರಿ ರಾಶಿ ಮುಗಿದ ಮೇಲೆ ಅರ್ಧಕ್ಕರ್ಧ ಮನೆಗಳಿಗೆ ಬೀಗ ಬೀಳುತ್ತದೆ. ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದ್, ಯಾವ ಮೇಸ್ತ್ರಿ ಮುಂಗಡ ಕೊಟ್ಟನೋ ಆ ಊರು. ಗುಳೆ ಹೋದ ಮೇಲೂ ಮಗುವಿನ ಹೆಸರು ತಾಂಡಾದ ಅಂಗನವಾಡಿಯಲ್ಲೇ ಇರುತ್ತದೆ. ಹೆಸರು ಊರಲ್ಲಿ, ಹೊಟ್ಟೆ ಬೆಂಗಳೂರಲ್ಲಿ. ಹೋದ ಊರಿನ ಕೇಂದ್ರದವರು ನಿಮ್ಮ ಹೆಸರು ಬೇರೆಡೆ ಇದೆ ಎಂದು ತೋರಿಸುತ್ತದೆ ಎನ್ನುತ್ತಾರೆ, ಊರಿನವರು ಗೈರುಹಾಜರಿ ಬರೆಯುತ್ತಾರೆ. ಅಂಗನವಾಡಿ ಅಕ್ಕ ಹೇಳಿದ ವಲಸೆಯ ಅವಕಾಶವನ್ನು ನಾನು ಇವತ್ತೇ ಮೊದಲು ಕೇಳಿದ್ದು. ನನ್ನ ಒಡಹುಟ್ಟಿದ ಅಕ್ಕನಿಗೆ ಯಾರೂ ಹೇಳಿರಲಿಲ್ಲ. ಅವಳ ಮಗಳು ಎರಡು ವರ್ಷ ಮರಳಿನ ರಾಶಿಯ ಮೇಲೆ ಬೆಳೆದಳು.

ಕಟ್ಟಡ ಕಾರ್ಮಿಕರ 1996ರ ಕಾಯ್ದೆಯ 35ನೇ ಕಲಮು, ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಜಾಗದಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಬೇಕು ಎಂದಿತ್ತು. ನಾನು ಕಂಡ ಯಾವ ಮೇಸ್ತ್ರಿಯ ಪುಸ್ತಕದಲ್ಲೂ ಐವತ್ತೊಂದನೆಯ ಹೆಂಗಸು ಇರಲಿಲ್ಲ. ಈಗ ನಮ್ಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆದಿದ್ದಾರೆ, ಉದ್ಯೋಗ ಖಾತ್ರಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ. ಅದು ಒಳ್ಳೆಯದೇ. ಆದರೆ ಖಾತ್ರಿ ಕೆಲಸ ಊರಲ್ಲಿ ಸಿಕ್ಕು, ಕೂಲಿ ಹೊತ್ತಿಗೆ ಬಂದಿದ್ದರೆ ನಮ್ಮವರು ಗುಳೆಯನ್ನೇ ಹೋಗುತ್ತಿರಲಿಲ್ಲ.

ಹನಿ ಹಾಕುವವಳು

ನಾನು ಆಶಾ ಕಾರ್ಯಕರ್ತೆ. ಈ ಮಕ್ಕಳು ಎಲ್ಲಿದ್ದಾರೆಂದು ಯಾರಿಗೂ ಗೊತ್ತಿಲ್ಲ ಎಂಬಂತೆ ನಾವೆಲ್ಲ ಮಾತಾಡುತ್ತೇವೆ. ಅದು ಸರಿಯಲ್ಲ. ಗೊತ್ತಿದೆ, ಬರವಣಿಗೆಯಲ್ಲಿದೆ.

ಪಲ್ಸ್ ಪೋಲಿಯೊ ಬಂದಾಗಲೆಲ್ಲ ನಾವು ಮಾಡುವ ಯೋಜನೆಯಲ್ಲಿ ಒಂದು ಬೇರೆ ಹಾಳೆ ಇರುತ್ತದೆ. ಇಟ್ಟಂಗಿ ಭಟ್ಟಿ, ಕಲ್ಲಿನ ಗಣಿ, ಕಟ್ಟಡದ ಜಾಗ, ಅಲೆಮಾರಿಗಳ ಡೇರೆ, ಕೊಳೆಗೇರಿ ಇವನ್ನೆಲ್ಲ ಒಂದೊಂದಾಗಿ ಬರೆದು, ಅಲ್ಲಿ ಐದು ವರ್ಷದೊಳಗಿನ ಮಕ್ಕಳು ಎಷ್ಟು, ಯಾವ ತಂಡ ಯಾವ ದಿನ ಹೋಗಬೇಕು ಎಂದು ಗುರುತು ಹಾಕುತ್ತೇವೆ. ಬಸ್ ಸ್ಟ್ಯಾಂಡು, ರೈಲ್ವೆ ಸ್ಟೇಷನ್ನಿನಲ್ಲಿ ಪ್ರತ್ಯೇಕ ತಂಡ ನಿಲ್ಲುತ್ತದೆ. ನಮ್ಮ ದೇಶದ ಕೊನೆಯ ಪೋಲಿಯೊ ಪ್ರಕರಣ 2011ರ ಜನವರಿಯದು, ದೇಶ ಪೋಲಿಯೊ ಮುಕ್ತವೆಂದು ಪ್ರಮಾಣಪತ್ರ ಸಿಕ್ಕಿದ್ದು 2014ರ ಮಾರ್ಚಿನಲ್ಲಿ. ಊರಿಂದ ಊರಿಗೆ ತಿರುಗುವವರ ಮಕ್ಕಳನ್ನು ಬಿಟ್ಟಿದ್ದರೆ ಆ ದಿನ ಬರುತ್ತಿರಲಿಲ್ಲ. ಮನೆಗಳ ಗೋಡೆಗೆ ಸೀಮೆಸುಣ್ಣದ ಗುರುತು ಹಾಕುತ್ತೇವಲ್ಲ, ತಾಡಪತ್ರಿಗೆ ಅದು ಹತ್ತುವುದಿಲ್ಲ. ಅಲ್ಲಿ ಮಗುವಿನ ಎಡಗೈ ಕಿರುಬೆರಳಿನ ಶಾಯಿಯೇ ನಮ್ಮ ಲೆಕ್ಕ. ಯಾವ ಊರಿನವ, ಕಾರ್ಡು ಇದೆಯೇ, ಎಷ್ಟು ದಿನ ಇರುತ್ತೀರಿ ಎಂದು ಒಬ್ಬರೂ ಕೇಳುವುದಿಲ್ಲ. ಬಾಯಿ ತೆರೆದರೆ ಎರಡು ಹನಿ.

ಇನ್ನೊಂದು ಮಾತು ಕಹಿಯಾಗಬಹುದು. ಆ ಬೂತಿನಲ್ಲಿ ನನ್ನ ಪಕ್ಕ ಕೂರುವವರು ಅಂಗನವಾಡಿ ಕಾರ್ಯಕರ್ತೆಯೇ. ಭಾನುವಾರ ಡೇರೆಯ ಮಗುವಿಗೆ ಹನಿ ಹಾಕಿದ ಕೈ ಸೋಮವಾರ ಅದೇ ಮಗುವಿನ ಹೆಸರು ಬರೆಯಲು ಹಿಂಜರಿಯುತ್ತದೆ. ತಪ್ಪು ಆಕೆಯದಲ್ಲ. ಹನಿಯ ಹಾಳೆ ಆರೋಗ್ಯ ಇಲಾಖೆಯದು, ಸರ್ವೆಯ ಪುಸ್ತಕ ಮಹಿಳಾ ಮತ್ತು ಮಕ್ಕಳ ಇಲಾಖೆಯದು, ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟು ನೋಡುವ ಕೆಲಸ ಯಾರಿಗೂ ಹಂಚಿಲ್ಲ. ಟೀಚರಮ್ಮ, ನಿಮ್ಮ ವಾರ್ಡಿನ ಆರೋಗ್ಯ ಕೇಂದ್ರದಲ್ಲಿ ಆ ಹಾಳೆಯನ್ನು ಕೇಳಿ. ನಿಮ್ಮ ಹದಿನಾಲ್ಕು ಟೆಂಟು ಈ ಸಲದ್ದರಲ್ಲಿ ಇಲ್ಲದಿದ್ದರೂ ಹೋದ ವರ್ಷದ್ದರಲ್ಲಿ ಇರುತ್ತದೆ. ಇವರು ಸಾಮಾನ್ಯವಾಗಿ ಅದೇ ಜಾಗಕ್ಕೆ ಅದೇ ಕಾಲಕ್ಕೆ ಬರುತ್ತಾರೆ.

ಪ್ಲಾಟಿನ ಮಾಲೀಕ

ಎಲ್ಲರೂ ಒಳ್ಳೆಯ ಮಾತನ್ನೇ ಆಡುತ್ತಿದ್ದೀರಿ, ಒಬ್ಬ ಕೆಟ್ಟವನೂ ಇರಲಿ. ಹದಿನೈದು ದಿನಕ್ಕೆ ಎದ್ದು ಹೋಗುವವರಿಗೆ ದಾಖಲೆ, ಊಟ, ಪಾಠ ಇವೆಲ್ಲ ಮಾಡಿ ಫಲವೇನು? ಮೂರು ದಿನದ ‘ಅ ಆ ಇ ಈ’ಯಿಂದ ಏನು ಬರುತ್ತದೆ? ಅದೂ ಅಲ್ಲದೆ ಒಮ್ಮೆ ಸರ್ಕಾರಿ ಪುಸ್ತಕದಲ್ಲಿ ಆ ಜಾಗದ ಹೆಸರು ಬಂದರೆ ನಾಳೆ ಅದನ್ನೇ ತೋರಿಸಿ ಇಲ್ಲೇ ಇರುತ್ತೇವೆ ಎಂದರೆ, ಸಾಲ ಮಾಡಿ ಪ್ಲಾಟು ಕೊಂಡವನು ಎಲ್ಲಿ ಹೋಗಬೇಕು?

ಬೀದರದ ನಿವೃತ್ತ ಮೇಲ್ವಿಚಾರಕಿ

ಪ್ಲಾಟಿನ ಮಾಲೀಕರ ಎರಡನೆಯ ಪ್ರಶ್ನೆಗೆ ಉತ್ತರ ಚಿಕ್ಕದು. ಅಂಗನವಾಡಿ ದಾಖಲೆ ಮಗುವಿನದು, ಜಾಗದ್ದಲ್ಲ. ಅದರಿಂದ ಯಾರಿಗೂ ಭೂಮಿಯ ಹಕ್ಕು ಹುಟ್ಟುವುದಿಲ್ಲ. ಮೊದಲನೆಯ ಪ್ರಶ್ನೆಗೆ ಅಂಗನವಾಡಿಗಳ ಮೇಲ್ವಿಚಾರಕಿಯಾಗಿದ್ದ ನನ್ನ ಇಡೀ ನೌಕರಿಯೇ ಉತ್ತರ, ಸ್ವಲ್ಪ ಉದ್ದವಾಗುತ್ತದೆ.

ಬೀದರ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳಿಗೆ ಪ್ರತಿ ವರ್ಷ ಹಂಗಾಮು ಶುರುವಾದಾಗ ಮರಾಠವಾಡದಿಂದ ಕಬ್ಬು ಕಡಿಯುವ ಟೋಳಿಗಳು ಬರುತ್ತವೆ. ಗಂಡ ಹೆಂಡತಿ ಇಬ್ಬರು ಸೇರಿ ಒಂದು ‘ಕೊಯ್ತಾ’. ಕೂಲಿಯವರನ್ನು ಕರೆತರುವ ಗುತ್ತಿಗೆದಾರ ಮುಕ್ಕಾದಮನಿಂದ ಮುಂಗಡ ಪಡೆದ ಮೇಲೆ ಹೆಂಡತಿ ಒಂದು ದಿನ ತಪ್ಪಿಸಿದರೂ ಸಾಲಕ್ಕೆ ಸೇರುತ್ತದೆ. ಹಾಗಾಗಿ ಮಗು ಗದ್ದೆಗೇ ಬರುತ್ತದೆ. ನಸುಕಿನ ನಾಲ್ಕಕ್ಕೆ, ಡಿಸೆಂಬರಿನ ಬೀದರದ ಚಳಿಯಲ್ಲಿ, ಎತ್ತಿನ ಗಾಡಿಯಲ್ಲಿ ಕಬ್ಬಿನ ಸೋಗೆಯ ಮೇಲೆ ಮಲಗಿಕೊಂಡು. ಕೂಸನ್ನು ಬದುವಿನ ಮೇಲೆ ಮಲಗಿಸಿ ತಾಯಿ ಸಾಲು ಹಿಡಿದು ಕಡಿಯುತ್ತ ಹೋದರೆ ಅರ್ಧ ಗಂಟೆಗೆ ಐವತ್ತು ಮಾರು ದೂರವಾಗುತ್ತಾಳೆ. ಹಿಂದಿನಿಂದ ಟ್ರ್ಯಾಕ್ಟರ್ ಬರುತ್ತದೆ. ಆ ಶಬ್ದ ಕೇಳಿದರೆ ನನಗೆ ಇಂದಿಗೂ ಎದೆ ಝಲ್ಲೆನ್ನುತ್ತದೆ. ಇಂಥ ಮಗುವಿಗೆ ನಾಲ್ಕು ತಿಂಗಳು ಒಂದು ಸೂರು, ಬಿಸಿ ಅನ್ನ, ನೋಡಿಕೊಳ್ಳುವ ಒಬ್ಬ ಹೆಂಗಸು ಸಿಕ್ಕರೆ, ಅದು ‘ಅ ಆ ಇ ಈ’ ಕಲಿಯದಿದ್ದರೂ ಬದುಕಿ ಊರಿಗೆ ಹೋಗುತ್ತದೆ.

ಕಾನೂನು ಏನು ಹೇಳುತ್ತದೆಂದು ನೋಡೋಣ. 2006ರ ಡಿಸೆಂಬರ್ 13ರಂದು ಸುಪ್ರೀಂ ಕೋರ್ಟು ಆಹಾರದ ಹಕ್ಕಿನ ಪ್ರಕರಣದಲ್ಲಿ, ಅಂಗನವಾಡಿ ಇಲ್ಲದ ಯಾವುದೇ ಹಳ್ಳಿ ಅಥವಾ ಕೊಳೆಗೇರಿಯಲ್ಲಿ ಆರು ವರ್ಷದೊಳಗಿನ 40 ಮಕ್ಕಳಿದ್ದು ಜನ ಕೇಳಿದರೆ ಮೂರು ತಿಂಗಳೊಳಗೆ ಕೇಂದ್ರ ಕೊಡಬೇಕೆಂದು ಆದೇಶಿಸಿತು. ಕಾರ್ಖಾನೆಯ ಹತ್ತಿರದ ಟೋಳಿಗಳಲ್ಲಿ ನಲವತ್ತು ಸುಲಭವಾಗಿ ದಾಟುತ್ತದೆ. ಟೀಚರಮ್ಮನವರ ಹತ್ತೊಂಬತ್ತಕ್ಕೆ ಹೊಸ ಕೇಂದ್ರ ಸಿಗಲಿಕ್ಕಿಲ್ಲ, ಅದರ ಅಗತ್ಯವೂ ಇಲ್ಲ. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಆರು ತಿಂಗಳಿಂದ ಆರು ವರ್ಷದ ಪ್ರತಿ ಮಗುವಿಗೂ ಸ್ಥಳೀಯ ಅಂಗನವಾಡಿಯ ಮೂಲಕ ಉಚಿತ ಊಟ ಸಿಗಬೇಕು: ಕಾಯ್ದೆ ಬಂದಾಗಿನ ಪ್ರಮಾಣ ಸಾಮಾನ್ಯ ಮಗುವಿಗೆ ದಿನಕ್ಕೆ 500 ಕಿಲೋಕ್ಯಾಲೊರಿ, ಅಪೌಷ್ಟಿಕ ಮಗುವಿಗೆ 800 ಇತ್ತು, 2023ರಲ್ಲಿ ಅದನ್ನು ಪರಿಷ್ಕರಿಸಿದರು. ‘ಸ್ಥಳೀಯ’ ಎಂದರೆ ಮಗು ಇವತ್ತು ಇರುವ ಸ್ಥಳ. ಅರ್ಜಿ ಬರೆಯುವಾಗ ‘ದಯವಿಟ್ಟು ಸೇರಿಸಿಕೊಳ್ಳಿ’ ಎಂದು ಬರೆಯಬೇಡಿ. ಮಕ್ಕಳ ಹೆಸರು, ಅಂದಾಜು ವಯಸ್ಸು, ತಾಯಿಯ ಹೆಸರು, ಹತ್ತಿರದ ಕೇಂದ್ರಕ್ಕೆ ಇರುವ ದೂರ ಬರೆದು, ಯಾವ ಕೇಂದ್ರದ ವ್ಯಾಪ್ತಿಗೆ ಇವರನ್ನು ಸೇರಿಸಲಾಗಿದೆ ಎಂದು ಲಿಖಿತವಾಗಿ ತಿಳಿಸಿ ಎಂದು ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರನ್ನು ಕೇಳಿ, ಸ್ವೀಕೃತಿಯ ಸಹಿ ತೆಗೆದುಕೊಳ್ಳಿ. ಲಿಖಿತ ಆದೇಶ ಬಂದರೆ ಅಂಗನವಾಡಿ ಅಕ್ಕ ಹೇಳಿದ ಅಕ್ಕಿಯ ಲೆಕ್ಕವೂ ಅದರ ಹಿಂದೆಯೇ ಸರಿಹೋಗುತ್ತದೆ. ಬಾಯಿಮಾತಿನ ಒಪ್ಪಿಗೆ ಕಾರ್ಯಕರ್ತೆಯ ತಲೆಯ ಮೇಲೆ ಕಲ್ಲು ಇಟ್ಟಂತೆ.

ನಾವು ಒಂದು ಹಂಗಾಮಿನಲ್ಲಿ ಮಾಡಿದ್ದು ಇಷ್ಟು. ಗರ್ಭಿಣಿಯಾಗಿ ಕಡಿಯಲಾಗದೆ ಗುಡಿಸಲಿನಲ್ಲಿ ಉಳಿದಿದ್ದ ಒಬ್ಬ ಟೋಳಿಯ ಹೆಂಗಸನ್ನೇ ಮಕ್ಕಳ ಜೊತೆ ಕೂರಿಸಿದೆವು. ಅವಳಿಗೆ ಎರಡು ಕೈತುಂಬ ಮರಾಠಿ ಹಾಡು ಬರುತ್ತಿತ್ತು, ನಮ್ಮ ಸಹಾಯಕಿಗೆ ‘ಚಿಲಿಪಿಲಿ’ ಪುಸ್ತಕದ ಕನ್ನಡ ಹಾಡು. ಜನವರಿಯ ಹೊತ್ತಿಗೆ ಮಕ್ಕಳು ಎರಡನ್ನೂ ಬೆರೆಸಿ ಮೂರನೆಯದೊಂದನ್ನು ಹಾಡುತ್ತಿದ್ದವು. ಮುಂದಿನ ವರ್ಷ ಆ ವ್ಯವಸ್ಥೆ ಉಳಿಯಲಿಲ್ಲ. ನನ್ನ ವರ್ಗಾವಣೆಯಾಯಿತು, ಕಡತ ಎಲ್ಲಿ ಹೋಯಿತೋ.

ತೊಗರಿ ನಾಡು ಬಿಟ್ಟವ

ಕಲಬುರಗಿಯವನು, ಈಗ ಅಮೆರಿಕದಲ್ಲಿದ್ದೇನೆ. ನನ್ನ ಹೆಂಡತಿ ಇಲ್ಲಿ ‘ಹೆಡ್ ಸ್ಟಾರ್ಟ್’ ಎಂಬ ಶಾಲಾಪೂರ್ವ ಕಾರ್ಯಕ್ರಮದ ಕೇಂದ್ರವೊಂದರಲ್ಲಿ ಕೆಲಸ ಮಾಡುತ್ತಾಳೆ. 1965ರಲ್ಲಿ ಬಡ ಮಕ್ಕಳಿಗಾಗಿ ಶುರುವಾದದ್ದು, ನಮ್ಮ ಅಂಗನವಾಡಿ ಯೋಜನೆಗಿಂತ ಹತ್ತು ವರ್ಷ ಹಿರಿಯದು. ಶ್ರೀಮಂತ ದೇಶದಲ್ಲೂ ಇದೇ ಗೋಳು ಇತ್ತು: ಕಾಗದ ತನ್ನಿ, ಲಸಿಕೆಯ ದಾಖಲೆ ತನ್ನಿ, ವಿಳಾಸ ತನ್ನಿ. ಅಷ್ಟರಲ್ಲಿ ಕುಟುಂಬ ಬೇರೆ ಊರಿಗೆ ಹೋಗಿರುತ್ತಿತ್ತು.

2007ರ ಕಾಯ್ದೆಯಲ್ಲಿ ಮನೆಯಿಲ್ಲದ ಮಗುವಿಗೆ ಆದಾಯದ ಪುರಾವೆ ಕೇಳದೆ ನೇರ ಅರ್ಹತೆ ಕೊಟ್ಟರು. 2016ರ ನಿಯಮಗಳಲ್ಲಿ ಇನ್ನೆರಡು ಸೇರಿಸಿದರು. ಲಸಿಕೆಯ ಮತ್ತು ಇತರ ದಾಖಲೆ ಇಲ್ಲದಿದ್ದರೂ 90 ದಿನಗಳವರೆಗೆ ಮಗು ಬರಬಹುದು, ಆ ಅವಧಿಯಲ್ಲಿ ಕಾಗದ ಒದಗಿಸಿಕೊಳ್ಳಬೇಕು. ಮತ್ತು ಕೇಂದ್ರವು ಬಯಸಿದರೆ ನೂರಕ್ಕೆ ಮೂರರವರೆಗೆ ಜಾಗಗಳನ್ನು ಇಂಥ ಮಕ್ಕಳಿಗೂ ಸಾಕುಮನೆಗಳಲ್ಲಿರುವ ಮಕ್ಕಳಿಗೂ ಕಾದಿರಿಸಬಹುದು, ಆದರೆ 30 ದಿನಕ್ಕಿಂತ ಹೆಚ್ಚು ಖಾಲಿ ಇಡುವಂತಿಲ್ಲ. ಬಾಡಿಗೆ ಕಟ್ಟಲಾಗದೆ ನೆಂಟರ ಮನೆಯಲ್ಲಿ ಇಕ್ಕಟ್ಟಿನಲ್ಲಿರುವ ಕುಟುಂಬವನ್ನೂ ಇಲ್ಲಿನ ಕಾನೂನು ಮನೆಯಿಲ್ಲದವರೆಂದೇ ಎಣಿಸುತ್ತದೆ. ನಮ್ಮಲ್ಲಿ ಅದನ್ನು ಎಣಿಸಿದರೆ ಅರ್ಧ ಓಣಿ ಬರುತ್ತದೆ, ಆ ಮಾತು ಬೇರೆ. ಇಲ್ಲಿ ಎಲ್ಲವೂ ಚೆನ್ನಾಗಿ ನಡೆಯುತ್ತಿದೆ ಎಂದೇನೂ ಅಲ್ಲ. ಆದರೆ ‘ಮೊದಲು ಮಗು ಒಳಗೆ, ಕಾಗದ ಆಮೇಲೆ’ ಎಂಬುದು ಕಾರ್ಯಕರ್ತೆಯ ದಯೆಯಾಗಿ ಉಳಿಯದೆ ನಿಯಮವಾಗಿದೆ. ಬೇರೆ ಊರಿಗೆ ಹೋದರೂ ಪಡಿತರ ಸಿಗುವಂತೆ ನಮ್ಮಲ್ಲಿ ಒಂದೇ ದೇಶ ಒಂದೇ ಕಾರ್ಡು ಮಾಡಿದ್ದಾರಲ್ಲ, ತಟ್ಟೆಯ ಊಟಕ್ಕೂ ಅದೇ ಬುದ್ಧಿ ಯಾಕೆ ಬರಬಾರದು?

ನಿವೃತ್ತ ಶಿಕ್ಷಕಿ, ಕಲಬುರಗಿ

ಎಲ್ಲರಿಗೂ ಕೃತಜ್ಞಳು. ಒಂದು ಅಡ್ಡಿ ಬಂದಿದೆ. ನಿನ್ನೆ ಹೆಸರು ಬರೆದುಕೊಳ್ಳಲು ಹೋದರೆ ಇಬ್ಬರು ತಾಯಂದಿರು ಮಕ್ಕಳನ್ನು ಒಳಗೆ ಎಳೆದುಕೊಂಡರು. ಹಿಂದೆ ಬೇರೊಂದು ಊರಿನಲ್ಲಿ ಜೀಪಿನಲ್ಲಿ ಬಂದವರು ಭಿಕ್ಷೆ ಬೇಡಿಸುತ್ತೀರೆಂದು ಮಕ್ಕಳನ್ನು ಎತ್ತಿಕೊಂಡು ಹೋಗಿದ್ದರಂತೆ, ಬಿಡಿಸಿಕೊಳ್ಳಲು ಹನ್ನೊಂದು ದಿನ ಅಲೆದರಂತೆ. ಇದಕ್ಕೇನು ಹೇಳಲಿ?

ಕರಿಕೋಟು

ಆ ಭಯಕ್ಕೆ ಬುಡವಿದೆ. 2015ರ ಬಾಲನ್ಯಾಯ ಕಾಯ್ದೆ, ಮನೆಯೂ ಜೀವನೋಪಾಯವೂ ಇಲ್ಲದ ಮಗುವನ್ನು ರಕ್ಷಣೆ ಬೇಕಾದ ಮಗು ಎಂದು ಕರೆಯುತ್ತದೆ. ಅವಸರದ ಕೈಯಲ್ಲಿ ಆ ಮಾತು ಟೆಂಟಿನ ಎಲ್ಲ ಮಕ್ಕಳನ್ನೂ ಮುಟ್ಟಬಲ್ಲದು. ಆದರೆ ಅದೇ ಕಾಯ್ದೆಯ 3ನೇ ಕಲಮು, ಮಗುವಿನ ಹೊಣೆ ಮೊದಲು ಕುಟುಂಬದ್ದು, ಸಂಸ್ಥೆಗೆ ಸೇರಿಸುವುದು ಕೊನೆಯ ಉಪಾಯ ಎನ್ನುತ್ತದೆ. ದುಡಿದು ತಿನ್ನುವ ತಾಯಿ ತಂದೆಯ ಬಳಿ ಇರುವ ಮಗು ಅನಾಥವಲ್ಲ. ಸಂಜೆ, ಗಂಡಸರೂ ಇರುವಾಗ ಹೋಗಿ ಮಾತಾಡಿ. ಫೋಟೊ ತೆಗೆಯಬೇಡಿ. ದಾನ ಕೊಡಲು ಬರುವ ನಾಲ್ಕು ಜನರನ್ನು ಜೊತೆಗೆ ಕರೆದೊಯ್ಯಲೇಬೇಡಿ.

ಸ್ಟೇಷನ್ ರಸ್ತೆ

ನಗರದ ಮನೆಯಿಲ್ಲದವರಿಗೆ ರಾತ್ರಿ ಆಶ್ರಯ ಕೇಂದ್ರ ಇರುತ್ತದಲ್ಲ, ಅಲ್ಲಿಗೆ ಕಳಿಸಬಾರದೇ ಎಂದು ಯಾರಾದರೂ ಕೇಳುವ ಮುಂಚೆ ಹೇಳಿಬಿಡುತ್ತೇನೆ. ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿಯಲ್ಲಿ ಲಕ್ಷ ಜನಸಂಖ್ಯೆಗೆ ನೂರು ಜನರ ಆಶ್ರಯ ಎಂದಿತ್ತು. 2011ಕ್ಕೇ ಐದು ಲಕ್ಷ ದಾಟಿದ್ದ ನಮ್ಮ ಊರಿಗೆ ಲೆಕ್ಕ ನೀವೇ ಹಾಕಿ. ನಾನು ಒಂದು ಊರಿನಲ್ಲಿ ನೋಡಿದ ಕೇಂದ್ರದಲ್ಲಿ ಗಂಡಸರಿಗೊಂದು ಹಾಲು, ಹೆಂಗಸರಿಗೊಂದು ಕೋಣೆ. ಗಂಡ ಹೆಂಡತಿ ಮಕ್ಕಳು ಒಟ್ಟಿಗೆ ಇರುವಂತಿರಲಿಲ್ಲ. ಸ್ಟೇಷನ್ನಿನ ಮುಂದಿನ ಒಂದು ಕುಟುಂಬ ಒಂದೇ ರಾತ್ರಿ ಇದ್ದು, ಮರುದಿನ ಅದೇ ಹುಣಸೆ ಮರದ ಕೆಳಗೆ ಬಂತು.

ಪ್ಲಾಟಿನ ಮಾಲೀಕ

ಮೇಲ್ವಿಚಾರಕಿಯವರ ಉತ್ತರ ಓದಿದೆ. ಟ್ರ್ಯಾಕ್ಟರಿನ ಮಾತು ಓದಿದ ಮೇಲೆ ಮೊದಲನೆಯ ಪ್ರಶ್ನೆಯನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಎರಡನೆಯದನ್ನು ಇಲ್ಲ. ನನ್ನ ಪ್ಲಾಟಿನಲ್ಲಿ ಬೋರ್‌ವೆಲ್ ಇದೆ, ಯುಗಾದಿಯ ತನಕ ಬೆಳಿಗ್ಗೆ ಒಂದು ತಾಸು ನೀರು ಬಿಡಿಸುತ್ತೇನೆ. ಅದಕ್ಕಿಂತ ಹೆಚ್ಚು ನನ್ನಿಂದ ಕೇಳಬೇಡಿ.

ನಿವೃತ್ತ ಶಿಕ್ಷಕಿ, ಕಲಬುರಗಿ

ಮೂರು ವಾರಗಳಾದವು. ನಡೆದದ್ದನ್ನು ಬರೆಯುತ್ತೇನೆ.

ಭಾನುವಾರ ಸಂಜೆ ಆಶಾ, ಕಾರ್ಯಕರ್ತೆ, ನಾನು ಮೂವರೂ ತಕ್ಕಡಿ ಹಿಡಿದು ಹೋದೆವು. ಹತ್ತೊಂಬತ್ತೆಂದು ನಾನು ಎಣಿಸಿದ್ದು ತಪ್ಪು. ಬುಟ್ಟಿಯ ಜೊತೆ ಹೋಗುವ ಎರಡು ಕೂಸು ಸೇರಿ ಇಪ್ಪತ್ತೊಂದು. ಹುಟ್ಟಿದ ತಾರೀಖು ಯಾರಿಗೂ ಗೊತ್ತಿಲ್ಲ. ಹಬ್ಬದ ಲೆಕ್ಕದಲ್ಲಿ ಬರೆದೆವು: ಯುಗಾದಿಗೆ ಮೂರು ತುಂಬಿತು, ಮೊಹರಂ ಮುಂದೆ ಹುಟ್ಟಿದ್ದು, ದೊಡ್ಡ ಮಳೆ ಬಂದ ವರ್ಷದ್ದು. ತೋಳಿನ ಸುತ್ತಳತೆಯ ಪಟ್ಟಿ ಸುತ್ತಿದಾಗ ಇಬ್ಬರಿಗೆ ಹನ್ನೊಂದೂವರೆ ಸೆಂಟಿಮೀಟರಿನ ಕೆಳಗೆ, ಕೆಂಪಿಗೆ ಬಂತು, ಅಂದರೆ ತೀವ್ರ ಅಪೌಷ್ಟಿಕತೆ. ಒಂದು ಕೂಸಿನ ತಾಯಿ ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ಹದಿನಾಲ್ಕು ದಿನ ಇರಲು ಒಪ್ಪಿದಳು, ಅತ್ತೆ ಉಳಿದ ಮಕ್ಕಳನ್ನು ನೋಡಿಕೊಳ್ಳುತ್ತೇನೆಂದಳು. ಇನ್ನೊಬ್ಬಳಿಗೆ ಅತ್ತೆ ಇಲ್ಲ. ಅವಳ ಮಗುವನ್ನು ಆಶಾ ವಾರಕ್ಕೊಮ್ಮೆ ನೋಡುತ್ತಿದ್ದಾಳೆ, ನನಗೆ ಸಮಾಧಾನವಿಲ್ಲ.

ಅರ್ಜಿಯನ್ನು ಬೀದರದ ಅಮ್ಮ ಹೇಳಿದಂತೆಯೇ ಬರೆದು ಸಹಿ ತೆಗೆದುಕೊಂಡೆ. ಲಿಖಿತ ಉತ್ತರ ಇನ್ನೂ ಬಂದಿಲ್ಲ. ಆದರೆ ಅರ್ಜಿಯ ಪ್ರತಿಯನ್ನು ತೋರಿಸಿದ ಮೇಲೆ ರಸ್ತೆಯ ಈಚೆಗಿನ ಕೇಂದ್ರದವರು ಮೂರು ದಾಟಿದ ಒಂಬತ್ತು ಮಕ್ಕಳನ್ನು ಕೂರಿಸಿಕೊಂಡಿದ್ದಾರೆ. ಸಹಾಯಕಿ ಹತ್ತಕ್ಕೆ ಬಂದು ಕರೆದೊಯ್ಯುತ್ತಾಳೆ. ಮೊದಲ ದಿನ ಮೊಟ್ಟೆ ಕೊಟ್ಟಾಗ ಆ ಚಿಪ್ಸ್ ತಿನ್ನುತ್ತಿದ್ದ ಹುಡುಗ ಅದನ್ನು ತಿನ್ನದೆ ಚಡ್ಡಿಯ ಕಿಸೆಗೆ ಹಾಕಿಕೊಂಡ. ಯಾಕೆಂದು ಕೇಳಿದರೆ ಜೋಳಿಗೆಯ ತಮ್ಮನಿಗಂತೆ. ಟೆಂಟು ಮುಟ್ಟುವ ಹೊತ್ತಿಗೆ ಅದು ಕಿಸೆಯಲ್ಲೇ ಪುಡಿಯಾಗಿತ್ತು. ಅಕ್ಕ ಅದನ್ನು ಬೆರಳಿನಿಂದ ಕೆರೆದು ಕೆರೆದು ತಮ್ಮನಿಗೆ ತಿನ್ನಿಸಿದಳು. ಆ ಅಕ್ಕನನ್ನು ಶಾಲೆಗೆ ಸೇರಿಸುವ ನನ್ನ ಆಸೆ ಇನ್ನೂ ಕೈಗೂಡಿಲ್ಲ, ಏಕೆಂದರೆ ಜೋಳಿಗೆಯವನಿಗೆ ಮೂರು ವರ್ಷ ತುಂಬಿಲ್ಲ.

ಹೋದ ವಾರ ಎರಡು ಕುಟುಂಬಗಳು ದತ್ತ ಜಯಂತಿಯ ಜನಸಂದಣಿಯಲ್ಲಿ ವ್ಯಾಪಾರಕ್ಕೆಂದು ಗಾಣಗಾಪುರಕ್ಕೆ ಹೋದವು. ಒಂಬತ್ತು ಆರಾಯಿತು. ಹೊರಡುವ ಮುಂಚೆ ಕಾರ್ಯಕರ್ತೆ ಮೂರು ಮಕ್ಕಳ ಹೆಸರು, ತೂಕ, ತಾಯಿಯ ಆಧಾರಿನ ಕೊನೆಯ ನಾಲ್ಕು ಅಂಕಿ, ತನ್ನ ಫೋನ್ ನಂಬರು ಬರೆದು ಒಂದು ಚೀಟಿ ಕೊಟ್ಟಿದ್ದಳು. ಅವರಲ್ಲೊಬ್ಬ ತಾಯಿ ಅದನ್ನು ಮಡಿಸಿ, ಒಳ್ಳೆಯ ಉದ್ದ ಕೂದಲು ಇಡುವ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಂಡದ್ದನ್ನು ನಾನು ನೋಡಿದೆ. ನಿನ್ನೆ ಶನಿವಾರ ಸಂಜೆ ಅವಳ ಫೋನು ಬಂತು.

‘ಇಲ್ಲಿ ಮೇಡಮ್ಮೋರು ಚೀಟಿ ನೋಡಿದ್ರಕ್ಕಾ. ಮಕ್ಕಳನ್ನ ನಾಳಿ ಕರ್ಕೊಂಡ ಬಾ ಅಂದಾರ. ನಾಳಿ ಐತಾರ ಅದಲ್ಲ, ಬಾಗಿಲ ತೆಗಿತಾರೇನು?’